ಶಿಷ್ಯವೇತನವೂ ವಿದ್ಯೆಯ ಋಣವೂ

ಮನುಷ್ಯನು ಹುಟ್ಟುತ್ತಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ಪ್ರಾಚೀನರು ಹೇಳಿದರು. ದೇವಋಣವು ಯಜ್ಞದಿಂದಲೂ, ಪಿತೃಋಣವು ಸಂತತಿಯಿಂದಲೂ, ಋಷಿಋಣವು ಅಧ್ಯಯನದಿಂದಲೂ ತೀರತಕ್ಕವೆಂಬುದು ಅವರ ಮತ. ಅಂದರೆ ಓದು ಎಂಬುದು ಋಣವನ್ನು ಕಳೆಯುವ ಸಾಧನ. ಈ ಕಾಲದಲ್ಲಿ ಆ ಮಾತು ತಲೆಕೆಳಗಾಗಿದೆ. ಓದಿದಷ್ಟೂ ಋಣ ಬೆಳೆಯುತ್ತದೆ. ಉನ್ನತವಾದ ವಿದ್ಯೆಯನ್ನು ಬಯಸಿದಷ್ಟೂ ಬ್ಯಾಂಕಿನ ಹೊತ್ತಿಗೆಯಲ್ಲಿ ಹೆಸರಿನ ಮುಂದಿನ ಅಂಕಿ ಉದ್ದವಾಗುತ್ತದೆ. ಈ ನಾಲ್ಕನೆಯ ಋಣದ ಭಾರವು ಅತ್ಯಂತ ಸ್ಫುಟವಾಗಿ ಕಾಣುವುದು ಶಸ್ತ್ರವೈದ್ಯನಾಗಲು ಹೊರಟ ತರುಣನ ಹೆಗಲ ಮೇಲೆ. ಆದುದರಿಂದ ಅವನ ವೇತನವನ್ನೂ ಸಾಲವನ್ನೂ ಕುರಿತು ವಿದ್ಯಾಪ್ರೇಮಿಗಳು ಸ್ವಲ್ಪ ವಿಚಾರ ಮಾಡುವುದು ಉಚಿತವಾಗಿದೆ.

ಆಸ್ಪತ್ರೆಯಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆಯುವ ವೈದ್ಯನಿಗೆ ಇಂಗ್ಲಿಷಿನಲ್ಲಿ ‘ರೆಸಿಡೆಂಟ್’ ಎಂದು ಹೆಸರು. ಕನ್ನಡದಲ್ಲಿ ‘ನಿವಾಸಿ ವೈದ್ಯ’ ಎಂದು ಬಳಕೆ. 1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಈ ಪದ್ಧತಿಯನ್ನು ರೂಢಿಗೆ ತಂದರು. ಶಿಷ್ಯನು ಆಸ್ಪತ್ರೆಯಲ್ಲಿಯೇ ವಾಸಿಸಿ, ರೋಗಿಯ ಬಳಿಯಲ್ಲಿಯೇ ಇದ್ದು, ವರ್ಷಾನುಗಟ್ಟಲೆ ಗುರುವಿನ ಕೈಕೆಳಗೆ ದುಡಿದು ಕ್ರಮಕ್ರಮವಾಗಿ ಹೊಣೆ ಹೊರುವುದು ಅದರ ತಿರುಳು. ಸಂಸ್ಕೃತ ಬಲ್ಲವರಿಗೆ ಇದು ಹೊಸ ಮಾತಲ್ಲ. ‘ಅಂತೇವಾಸಿ’ ಎಂದರೆ ಸಮೀಪದಲ್ಲಿ ವಾಸಿಸುವವನು, ಶಿಷ್ಯನು. ರೆಸಿಡೆಂಟ್ ಎಂಬ ಪದಕ್ಕೆ ಇದಕ್ಕಿಂತ ಯೋಗ್ಯವಾದ ಪರ್ಯಾಯ ದೊರೆಯಲಾರದು. ಸುಶ್ರುತ ಸಂಹಿತೆಯು ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಈ ಅಭ್ಯಾಸಕ್ಕೆ ಮೀಸಲಿಟ್ಟಿದೆ. ಶಿಷ್ಯನು ಕುಂಬಳ, ಸೋರೆ, ಸೌತೆಕಾಯಿಗಳ ಮೇಲೆ ಛೇದನವನ್ನು ಕಲಿಯಬೇಕು. ನೀರು ತುಂಬಿದ ತೊಗಲಿನ ಚೀಲದ ಮೇಲೆ ಭೇದನವನ್ನು, ತಾವರೆಯ ದಂಟಿನ ಮೇಲೆ ವೇಧನವನ್ನು, ದಪ್ಪ ಬಟ್ಟೆಯ ಅಂಚಿನಲ್ಲಿ ಹೊಲಿಗೆಯನ್ನು ಅಭ್ಯಸಿಸಬೇಕು. ಎಷ್ಟೇ ಶಾಸ್ತ್ರ ಓದಿದ್ದರೂ ಈ ಅಭ್ಯಾಸವಿಲ್ಲದವನು ಕರ್ಮಕ್ಕೆ ಅನರ್ಹನೆಂಬುದು ಸುಶ್ರುತನ ಅಭಿಪ್ರಾಯ. ಶಸ್ತ್ರವಿದ್ಯೆ ಕೈಯ ವಿದ್ಯೆ. ಕೈಯ ವಿದ್ಯೆಗೆ ಕಾಲ ಬೇಕು.

ಆ ಕಾಲವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಭಾರತದಲ್ಲಿ ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಪದವಿಗೆ ಮತ್ತೆ ಮೂರು ವರ್ಷ. ನರ, ಮೂತ್ರಕೋಶ ಮೊದಲಾದವುಗಳಲ್ಲಿ ವಿಶೇಷ ಪಾಂಡಿತ್ಯ ಬಯಸಿ ಎಂ.ಸಿಎಚ್. ಮಾಡುವವರಿಗೆ ಇನ್ನೂ ಮೂರು ವರ್ಷ. ಪ್ರವೇಶ ಪರೀಕ್ಷೆಗಳ ಸಿದ್ಧತೆಯಲ್ಲಿ ಕಳೆಯುವ ಕಾಲ ಬೇರೆ. ಒಡನೆ ಓದಿದ ಗೆಳೆಯನು ಇಂಜಿನಿಯರನೋ ಉಪಾಧ್ಯಾಯನೋ ಆಗಿ ಮನೆಗೆ ಹಣ ಕಳುಹಿಸಲಾರಂಭಿಸಿ ಹಲವು ವರ್ಷಗಳಾದರೂ, ಈತನು ಮೂವತ್ತರ ಹೊಸ್ತಿಲಿನಲ್ಲಿ ಇನ್ನೂ ಶಿಷ್ಯನೇ. ಆ ವಯಸ್ಸಿನಲ್ಲಿ ತಂದೆತಾಯಿಗಳು ವೃದ್ಧರಾಗುತ್ತಿರುತ್ತಾರೆ. ತಂಗಿಯ ಮದುವೆ ನಿಂತಿರುತ್ತದೆ. ಈತನಿಗೇ ಸಂಸಾರವಾಗಿರುವುದೂ ಉಂಟು. ಸಂಸಾರವು ಪದವಿಗಾಗಿ ಕಾಯುವುದಿಲ್ಲ.

ಇಂಥವನಿಗೆ ಸಲ್ಲುವ ಮಾಸಿಕ ಹಣಕ್ಕೆ ಕನ್ನಡದಲ್ಲಿ ‘ಶಿಷ್ಯವೇತನ’ ಎಂದು ಹೆಸರು. ಈ ಒಂದು ಸಮಾಸಪದದಲ್ಲಿ ಇಡೀ ವಿವಾದವು ಅಡಗಿದೆ. ಶಿಷ್ಯನಾದವನು ಗುರುವಿಗೆ ದಕ್ಷಿಣೆ ಕೊಡುವುದು ಲೋಕರೂಢಿ. ವೇತನವಾದರೋ ದುಡಿದವನಿಗೆ ಒಡೆಯನು ಸಲ್ಲಿಸತಕ್ಕ ಪ್ರತಿಫಲ. ಒಬ್ಬನೇ ಮನುಷ್ಯನು ಶುಲ್ಕ ಕೊಡುವಾಗ ಶಿಷ್ಯ, ರಾತ್ರಿಯ ಪಾಳಿಯಲ್ಲಿ ಗಾಯಗೊಂಡವರ ಬಳಿ ನಿಂತಿರುವಾಗ ಕೆಲಸಗಾರ. ಆಡಳಿತವರ್ಗದವರು ಹಣ ಕೊಡುವ ಪ್ರಸಂಗ ಬಂದಾಗ ಮೊದಲ ಪದವನ್ನು ಹಿಡಿಯುತ್ತಾರೆ. ಕೆಲಸ ಪಡೆಯುವ ಪ್ರಸಂಗದಲ್ಲಿ ಎರಡನೆಯದನ್ನು ಹಿಡಿಯುತ್ತಾರೆ. ಸಮಾಸವನ್ನು ಅನುಕೂಲ ಕಂಡಂತೆ ಒಡೆಯುವುದು ವ್ಯಾಕರಣಕ್ಕೂ ಒಪ್ಪದು, ಧರ್ಮಕ್ಕೂ ಒಪ್ಪದು.

ಕಾಯಿದೆಯ ಮಾತು ಸ್ಪಷ್ಟವಾಗಿಯೇ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊರಡಿಸಿದ 2023ರ ಸ್ನಾತಕೋತ್ತರ ವೈದ್ಯ ಶಿಕ್ಷಣದ ನಿಯಮಗಳು ಈ ವಿದ್ಯಾರ್ಥಿಗಳೆಲ್ಲರೂ ಪೂರ್ಣಾವಧಿಯ ನಿವಾಸಿ ವೈದ್ಯರಾಗಿ ದುಡಿಯತಕ್ಕವರೆಂದು ಹೇಳುತ್ತವೆ. ಆಯಾ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಕೊಡುವಷ್ಟೇ ಶಿಷ್ಯವೇತನವನ್ನು ಖಾಸಗಿ ಕಾಲೇಜುಗಳೂ ಕೊಡಬೇಕೆಂದು ವಿಧಿಸುತ್ತವೆ. ವಾರಕ್ಕೊಂದು ಬಿಡುವು, ವರ್ಷಕ್ಕೆ 20 ದಿನಗಳ ಸಾಂದರ್ಭಿಕ ರಜೆ, ದುಡಿಮೆಯ ಅವಧಿಯಲ್ಲಿ ಔಚಿತ್ಯ ಇವುಗಳನ್ನೂ ಸೂಚಿಸುತ್ತವೆ. ಇದಕ್ಕಿಂತ ಬಹು ಮೊದಲೇ, 1992ರ ಕೇಂದ್ರ ಯೋಜನೆಯು ಕಿರಿಯ ನಿವಾಸಿ ವೈದ್ಯರು ಒಂದೇ ಸಮನೆ 12 ಗಂಟೆಗಳಿಗಿಂತಲೂ ವಾರಕ್ಕೆ 48 ಗಂಟೆಗಳಿಗಿಂತಲೂ ಹೆಚ್ಚು ದುಡಿಯಬಾರದೆಂದು ಹೇಳಿತ್ತು. ಕರ್ನಾಟಕ ಸರ್ಕಾರವು 2020ರಲ್ಲಿ, ಕೋವಿಡ್ ಮಹಾಮಾರಿಯ ನಡುವೆ, ಸ್ನಾತಕೋತ್ತರ ವಿದ್ಯಾರ್ಥಿಗಳ ಮಾಸಿಕ ಶಿಷ್ಯವೇತನವನ್ನು ಮೊದಲನೆಯ ವರ್ಷಕ್ಕೆ 45,000, ಎರಡನೆಯದಕ್ಕೆ 50,000, ಮೂರನೆಯದಕ್ಕೆ 55,000 ರೂಪಾಯಿಗಳಿಗೆ ಏರಿಸಿತು.

ಆದರೆ ಹೊತ್ತಿಗೆಯಲ್ಲಿರುವ ಧರ್ಮವೆಲ್ಲವೂ ಆಚರಣೆಗೆ ಇಳಿದಿಲ್ಲ. 2023ರಲ್ಲಿ ಆಯೋಗವು ತಾನೇ ದೇಶದ ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಉತ್ತರ ಕೊಟ್ಟವರಲ್ಲಿ ನಾಲ್ಕರಲ್ಲೊಂದು ಪಾಲಿಗೂ ಮಿಕ್ಕವರು ತಮಗೆ ಶಿಷ್ಯವೇತನವೇ ದೊರೆಯುತ್ತಿಲ್ಲವೆಂದರು. ಸಾವಿರಕ್ಕೂ ಮಿಕ್ಕವರು ಕೊಟ್ಟ ಹಣವನ್ನು ಆಡಳಿತವರ್ಗವು ಮರಳಿ ಪಡೆಯುತ್ತದೆಂದು ತಿಳಿಸಿದರು. ಅದೇ ವರ್ಷ ಸುಪ್ರೀಂ ಕೋರ್ಟು ಒಂದು ವೈದ್ಯ ಕಾಲೇಜಿನ ಇಂಟರ್ನ್‌ಗಳ ದೂರನ್ನು ಕೇಳಿ, ಅವರಿಗೆ ತಿಂಗಳಿಗೆ 25,000 ರೂಪಾಯಿ ಸಲ್ಲಿಸಬೇಕೆಂದು ಆಜ್ಞಾಪಿಸಿತು. ಒಂದು ಕೈಯಿಂದ ಖಾತೆಗೆ ಜಮಾ ಮಾಡಿ ಇನ್ನೊಂದು ಕೈಯಿಂದ ಅದನ್ನು ಕಿತ್ತುಕೊಳ್ಳುವ ಸಂಸ್ಥೆಯು ತನ್ನ ಗೋಡೆಯ ಮೇಲೆ ಯಾವ ಮಹಾತ್ಮರ ನುಡಿಯನ್ನು ಬರೆಸಿಕೊಂಡರೇನು ಫಲ? ಶರಣರು ಕಾಯಕವನ್ನು ಕೈಲಾಸವೆಂದು ಕರೆದುದು ದುಡಿಯುವವನ ಘನತೆಯನ್ನು ಎತ್ತಿಹಿಡಿಯುವುದಕ್ಕಾಗಿ. ದುಡಿಸಿಕೊಂಡವನು ಪ್ರತಿಫಲವನ್ನು ತಪ್ಪಿಸಿಕೊಳ್ಳುವುದಕ್ಕೆ ನೆಪವಾಗಲೆಂದು ಅಲ್ಲ.

ಇನ್ನು ಸಾಲದ ವಿಚಾರ. ಒಣಬೇಸಾಯದ ಒಂದು ಕುಟುಂಬವನ್ನು ಊಹಿಸಬಹುದು. ಮಗನಿಗೆ ಖಾಸಗಿ ಕಾಲೇಜಿನಲ್ಲಿ ಎಂ.ಎಸ್. ಸೀಟು ದೊರೆತಿದೆ. ಬ್ಯಾಂಕಿನಲ್ಲಿ 10 ಲಕ್ಷ ರೂಪಾಯಿ ಸಾಲ ಮಂಜೂರಾಗಿದೆ. ತಂದೆಯ ಜಮೀನಿನ ಪಹಣಿ ಬ್ಯಾಂಕಿನ ಕಪಾಟಿಗೆ ಸೇರಿದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲವೆಂದು ಕೇಳಿ ಮನೆಯವರು ನಿಟ್ಟುಸಿರು ಬಿಡುತ್ತಾರೆ. ತಪ್ಪು ತಿಳಿವಳಿಕೆಗೆ ಬೀಜ ಬೀಳುವುದು ಇಲ್ಲಿಯೇ. ಕಂತಿಗೆ ವಿರಾಮವುಂಟು, ಬಡ್ಡಿಗೆ ವಿರಾಮವಿಲ್ಲ. ಹಗಲು ರಾತ್ರಿಯೆನ್ನದೆ, ಹಬ್ಬ ಹುಣ್ಣಿಮೆಯೆನ್ನದೆ ಬೆಳೆಯುವ ಪೈರು ಬಡ್ಡಿಯೊಂದೇ. ವಿರಾಮದ ಅವಧಿಯಲ್ಲಿ ಅದು ಸರಳ ಬಡ್ಡಿಯಾಗಿ ಕೂಡುತ್ತ ಹೋಗಿ, ಕೊನೆಗೆ ಅಸಲಿನೊಳಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಡ್ಡಿಯ ಮೇಲೂ ಬಡ್ಡಿ.

ಲೆಕ್ಕದ ಸೌಕರ್ಯಕ್ಕಾಗಿ ಸಾಲವೆಲ್ಲವೂ ಮೊದಲ ದಿನವೇ ಕೈಸೇರಿತೆಂದೂ, ಬಡ್ಡಿಯ ದರ ಶೇಕಡಾ 10 ಎಂದೂ, ಕಂತಿನ ಕಾಲ ಹತ್ತು ವರ್ಷವೆಂದೂ ಇಟ್ಟುಕೊಳ್ಳಬಹುದು. ಮೂರು ವರ್ಷದ ಓದು, ಒಂದು ವರ್ಷದ ವಿರಾಮ, ಒಟ್ಟು ನಾಲ್ಕು ವರ್ಷದ ಬಡ್ಡಿ 4 ಲಕ್ಷ. ಏನನ್ನೂ ಕಟ್ಟದೆ ಸುಮ್ಮನಿದ್ದವನು 14 ಲಕ್ಷದ ಮೇಲೆ ತಿಂಗಳಿಗೆ ಸುಮಾರು 18,500 ರೂಪಾಯಿಯ ಕಂತು ತೆರಬೇಕಾಗುತ್ತದೆ. ಇದಕ್ಕೆ ಬದಲಾಗಿ ಮೊದಲಿನಿಂದಲೂ ತಿಂಗಳಿಗೆ 8,333 ರೂಪಾಯಿ ಬಡ್ಡಿಯನ್ನು ಮಾತ್ರ ಕಟ್ಟುತ್ತ ಬಂದವನಿಗೆ ಅಸಲು 10 ಲಕ್ಷವಾಗಿಯೇ ಉಳಿದು, ಕಂತು ಸುಮಾರು 13,215 ರೂಪಾಯಿ ಆಗುತ್ತದೆ. ಹತ್ತು ವರ್ಷಗಳಲ್ಲಿ ಈತನಿಗೆ ಕಂತಿನಲ್ಲಿ ಉಳಿಯುವುದು 6 ಲಕ್ಷದ 34 ಸಾವಿರ. ಅದಕ್ಕಾಗಿ ಮೊದಲು ಕೊಟ್ಟದ್ದು 4 ಲಕ್ಷ. ಸಾಲವು 20 ಲಕ್ಷವಾದರೆ ಈ ಅಂಕಿಗಳೆಲ್ಲವೂ ಇಮ್ಮಡಿ. ಇದಲ್ಲದೆ, ಓದಿನ ಕಾಲದಲ್ಲಿಯೇ ಬಡ್ಡಿ ಕಟ್ಟಿದವರಿಗೆ ದರದಲ್ಲಿ ಶೇಕಡಾ 1ರಷ್ಟು ರಿಯಾಯಿತಿ ಕೊಡಲು ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಕೇಳಿದವರಿಗೆ ಮಾತ್ರ ಇಂಥವು ತಿಳಿಯುತ್ತವೆ.

ಆದುದರಿಂದ ಶಿಷ್ಯವೇತನದ ಮೊದಲ ಪಾಲು ಬಡ್ಡಿಗೆ ಸಲ್ಲಬೇಕೆಂಬುದು ಗೃಹಸ್ಥನ ವಿವೇಕ. ಎರಡನೆಯ ಪಾಲು ಊಟ, ವಸತಿ, ಪುಸ್ತಕ, ಪರೀಕ್ಷೆಯ ಶುಲ್ಕಗಳಿಗೆ. ಮೂರನೆಯದು ಶಿಷ್ಯವೇತನ ತಡವಾಗುವ ತಿಂಗಳುಗಳಿಗಾಗಿ ಕೂಡಿಟ್ಟ ಗಂಟು. ಇವು ಕಳೆದ ಮೇಲೆಯೇ ಮನೆಗೆ ಕಳುಹಿಸುವ ಮಾತು. ಈ ಕ್ರಮ ಕಠೋರವೆಂದು ತೋರಬಹುದು. ಆದರೆ ಬಡ್ಡಿ ಕಟ್ಟದೆ ಮನೆಗೆ ಕಳುಹಿಸಿದ ಹಣವು ಆ ಮನೆಯ ಪಹಣಿಯ ಮೇಲಿನ ಹೊರೆಯನ್ನೇ ಹೆಚ್ಚಿಸುತ್ತದೆಂಬುದನ್ನು ಮಗನು ತಂದೆಗೆ ವಿನಯದಿಂದ ತಿಳಿಸಿ ಹೇಳಬೇಕು. ಡಾಕ್ಟರಾದನೆಂಬ ಹೆಮ್ಮೆಯಲ್ಲಿ ಕಂತಿನ ಮೇಲೆ ಕಾರು ಕೊಳ್ಳುವುದು, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಮುಂದಿನ ತಿಂಗಳಿಗೆ ತಳ್ಳುವುದು, ಬಂಧುಗಳ ಒತ್ತಾಯಕ್ಕೆ ಅದ್ದೂರಿಯ ಮದುವೆಗೆ ಇಳಿಯುವುದು ಇವೆಲ್ಲ ಇನ್ನೂ ಬಾರದ ಸಂಪತ್ತನ್ನು ಇಂದೇ ಉಣ್ಣುವ ಬಗೆಗಳು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ನಿವಾಸಿ ವೈದ್ಯನಿಗೆ ಎರಡರಷ್ಟು ಅನ್ವಯಿಸುತ್ತದೆ. ಅವನಿಗೆ ಹಾಸಿಗೆಯೂ ಚಿಕ್ಕದು, ಮಲಗಲು ಹೊತ್ತೂ ಕಡಿಮೆ.

ಸರ್ಕಾರದ ನೆರವು ಇಲ್ಲವೆಂದಲ್ಲ. ವರ್ಷಕ್ಕೆ ನಾಲ್ಕೂವರೆ ಲಕ್ಷದವರೆಗೆ ಆದಾಯವಿರುವ ಕುಟುಂಬಗಳ ಮಕ್ಕಳಿಗೆ ವಿರಾಮಾವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯೊಂದು 2009ರಲ್ಲಿ ಆರಂಭವಾಯಿತು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮೀ ಯೋಜನೆಯು, ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ವಿರಾಮಾವಧಿಯಲ್ಲಿ ಶೇಕಡಾ 3ರಷ್ಟು ಬಡ್ಡಿಯ ನೆರವನ್ನು ಒದಗಿಸುತ್ತದೆ. ಆದರೆ ಹಳೆಯ ಯೋಜನೆಯ ನೆರವು ಒಬ್ಬ ವಿದ್ಯಾರ್ಥಿಗೆ ಒಂದೇ ಸಲ, ಎಂ.ಬಿ.ಬಿ.ಎಸ್.ಗೆ ಪಡೆದವನಿಗೆ ಎಂ.ಎಸ್.ಗೆ ದೊರೆಯದು. ಹೊಸ ಯೋಜನೆಯಲ್ಲಿ ಕಾಲೇಜು ಆಯ್ದ ಪಟ್ಟಿಯಲ್ಲಿ ಇರಬೇಕು. ದೀರ್ಘವಾದ ವಿದ್ಯೆಯ ಕೊನೆಯ ಮೆಟ್ಟಿಲಿನಲ್ಲಿ, ಭಾರವು ಅತ್ಯಧಿಕವಾಗಿರುವ ಹೊತ್ತಿನಲ್ಲಿ, ಆಸರೆ ಹೀಗೆ ಕಿರಿದಾಗುತ್ತದೆ.

ಈ ಪದ್ಧತಿ ಹುಟ್ಟಿದ ಅಮೆರಿಕದಲ್ಲಿಯೂ ಇದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದ್ದಿದೆ. ಅಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ನಿವಾಸವು ಐದು ವರ್ಷದ್ದು. ಸಾಲ ಮಾಡಿ ವೈದ್ಯ ಪದವಿ ಪಡೆದವರ ಸಾಲವು 2 ಲಕ್ಷ ಡಾಲರಿನ ಆಸುಪಾಸಿನಲ್ಲಿರುವುದು ಸಾಮಾನ್ಯ. ನಿವಾಸಿ ವೈದ್ಯನು ವಿದ್ಯಾರ್ಥಿಯೋ ಉದ್ಯೋಗಿಯೋ ಎಂಬ ವಿವಾದವು ತೆರಿಗೆಯ ಪ್ರಸಂಗದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಪೂರ್ಣಾವಧಿ ದುಡಿಯುವ ನಿವಾಸಿ ವೈದ್ಯನನ್ನು ಆ ತೆರಿಗೆಯ ಮಟ್ಟಿಗೆ ಉದ್ಯೋಗಿಯೆಂದೇ ಎಣಿಸಬಹುದೆಂದು 2011ರಲ್ಲಿ ತೀರ್ಪಾಯಿತು. 2007ರ ಕಾಯಿದೆಯೊಂದರ ಪ್ರಕಾರ, ಸರ್ಕಾರಿ ಅಥವಾ ಲಾಭೋದ್ದೇಶವಿಲ್ಲದ ಸಂಸ್ಥೆಯಲ್ಲಿ ದುಡಿಯುತ್ತ ಆದಾಯಾನುಸಾರವಾದ 120 ಕಂತುಗಳನ್ನು ಕಟ್ಟಿದವನಿಗೆ ಉಳಿದ ಸರ್ಕಾರಿ ಸಾಲವು ಮನ್ನಾ ಆಗುತ್ತದೆ. ಅಂಥ ಆಸ್ಪತ್ರೆಯಲ್ಲಿ ಕಳೆದ ನಿವಾಸದ ವರ್ಷಗಳೂ ಎಣಿಕೆಗೆ ಬರುತ್ತವೆ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯ ಕಾಲೇಜಿಗೆ 2024ರಲ್ಲಿ ಅಲ್ಲಿಯೇ ಪ್ರಾಧ್ಯಾಪಕಿಯಾಗಿದ್ದ ರೂತ್ ಗಾಟ್ಸ್‌ಮನ್ ಎಂಬ ವೃದ್ಧೆ 100 ಕೋಟಿ ಡಾಲರ್ ದಾನ ಕೊಟ್ಟು, ಬೋಧನ ಶುಲ್ಕವನ್ನೇ ಇಲ್ಲವಾಗಿಸಿದರು. ಆ ಕೊಡುಗೆಗೆ ಪ್ರತಿಯಾಗಿ ಕಾಲೇಜು ತನ್ನ ಹೆಸರನ್ನು ಬದಲಿಸಬಾರದೆಂಬುದು ಆಕೆಯ ಇಚ್ಛೆಯಾಗಿತ್ತು. ದಾನಿಗಳು ಮನನ ಮಾಡತಕ್ಕ ಸಂಗತಿಯಿದು.

ಇಲ್ಲಿ ಕೆಲವರು ಆಕ್ಷೇಪಿಸುವುದುಂಟು. ಹಿಂದಿನ ಕಾಲದ ಶಿಷ್ಯನು ಗುರುವಿನ ಮನೆಯಲ್ಲಿ ಸೌದೆ ಒಡೆದು, ದನ ಕಾಯ್ದು ವಿದ್ಯೆ ಪಡೆಯಲಿಲ್ಲವೇ? ಅವನಿಗೆ ಯಾರು ವೇತನ ಕೊಟ್ಟರು? ಉತ್ತರವಿಷ್ಟೆ: ಆ ಶಿಷ್ಯನ ಅನ್ನ ವಸ್ತ್ರಗಳ ಹೊಣೆಯನ್ನು ಗುರುಕುಲ ಹೊತ್ತಿತ್ತು, ಗುರುಕುಲದ ಹೊಣೆಯನ್ನು ಅರಸನೂ ಗ್ರಾಮದ ಗೃಹಸ್ಥರೂ ಹೊತ್ತಿದ್ದರು. ಪಾಠದ ನಡುವೆ ಬಡ್ಡಿಯ ತಗಾದೆ ಅವನ ಬಾಗಿಲಿಗೆ ಬರುತ್ತಿರಲಿಲ್ಲ. ಗುರುಕುಲದ ಸೇವೆಯನ್ನು ಇಟ್ಟುಕೊಂಡು ಗುರುಕುಲದ ಆಸರೆಯನ್ನು ಮಾತ್ರ ತೆಗೆದುಹಾಕುವುದು ನ್ಯಾಯವಲ್ಲ. ಇನ್ನು ಕೆಲವರು, ಶಸ್ತ್ರವೈದ್ಯನು ನಾಳೆ ಲಕ್ಷಗಟ್ಟಲೆ ಗಳಿಸುವವನು, ಅವನ ಸಾಲಕ್ಕೆ ಮರುಗುವುದೇಕೆ ಎನ್ನುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ನಾಳಿನ ಗಳಿಕೆಯಿಂದ ಇಂದಿನ ಬಡ್ಡಿ ನಿಲ್ಲದು. ಅದಕ್ಕಿಂತ ಮುಖ್ಯವಾದುದೆಂದರೆ, ಆ ನಾಳಿನ ಗಳಿಕೆಯು ಯಾರಿಂದ ಬರಬೇಕೆಂಬ ಪ್ರಶ್ನೆ. ವೈದ್ಯನ ಸಾಲವು ಕಡೆಗೆ ರೋಗಿಯ ಬಿಲ್ಲಿನಲ್ಲಿಯೇ ತೀರತಕ್ಕದ್ದು.

ಗ್ರಾಮಾಂತರದ ಹಾನಿಯೂ ಇಲ್ಲಿಯೇ ಇದೆ. ಕರ್ನಾಟಕವು 2012ರಲ್ಲಿ ವೈದ್ಯ ಪದವೀಧರರ ಕಡ್ಡಾಯ ಸೇವೆಯ ಕಾಯಿದೆಯನ್ನು ಮಾಡಿತು. ಆಯೋಗದ ನಿಯಮದಂತೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯುವ ಕ್ರಮವೂ ಬಂದಿದೆ. ಕಾಯಿದೆಯು ತರುಣನನ್ನು ಅಲ್ಲಿಗೆ ಕಳುಹಿಸಬಲ್ಲದು, ಅಲ್ಲಿಯೇ ನೆಲೆಗೊಳಿಸಲಾರದು. ಅವಧಿ ಮುಗಿದೊಡನೆ ಕಂತಿನ ದಿನಾಂಕ ಎದುರು ನಿಲ್ಲುತ್ತದೆ. ತಾಲ್ಲೂಕು ಆಸ್ಪತ್ರೆಯ ಸಂಬಳವನ್ನೂ ನಗರದ ದೊಡ್ಡ ಆಸ್ಪತ್ರೆಯ ಕರೆಯನ್ನೂ ತಕ್ಕಡಿಯಲ್ಲಿಟ್ಟಾಗ, ಸಾಲದ ಕಲ್ಲು ಯಾವ ಕಡೆಗೆ ಬೀಳುವುದೆಂದು ಹೇಳಬೇಕಾಗಿಲ್ಲ. ಆ ತರುಣನಲ್ಲಿ ಆದರ್ಶವಿಲ್ಲವೆಂದು ಹಳಿಯುವುದು ಸುಲಭ. ಅವನ ತಂದೆಯ ಹೊಲ ಅಡವಾಗಿರುವವರೆಗೆ ಆದರ್ಶವನ್ನು ಅವನಿಂದ ನಿರೀಕ್ಷಿಸುವ ಅಧಿಕಾರ ಸಮಾಜಕ್ಕೆ ಎಷ್ಟುಮಟ್ಟಿಗೆ ಉಂಟೆಂಬುದನ್ನು ಹಳಿಯುವವರು ಮೊದಲು ಯೋಚಿಸಬೇಕು. ಊರಿನ ಹೆಂಗಸಿಗೆ ನಡುರಾತ್ರಿ ಕರುಳಿನ ಬೇನೆ ಬಂದಾಗ ಕತ್ತಿ ಹಿಡಿಯಬಲ್ಲ ಕೈಯೊಂದು ಹತ್ತಿರದಲ್ಲಿ ಇರುವುದೋ ಇಲ್ಲವೋ ಎಂಬುದು, ಬಹುಮಟ್ಟಿಗೆ, ಆ ಕೈಯ ಮೇಲಿರುವ ಸಾಲವನ್ನು ಅವಲಂಬಿಸಿದೆ.

ಹಾಗಾದರೆ ಮಾಡತಕ್ಕದ್ದೇನು? ಈ ನಾಡಿಗೆ ದಾರಿ ಹೊಸದಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಓದಿಗೆ ಬಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು ಸಾಮಾನ್ಯ ಸಂಬಳದ ತರುಣ ಶಿಕ್ಷಕರು. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಬಡಮಕ್ಕಳು ನಾಡಿನ ಎಲ್ಲ ವೃತ್ತಿಗಳಲ್ಲಿಯೂ ಇದ್ದಾರೆ. ಅಂದಿನ ವಿದ್ಯಾರ್ಥಿಯ ಹಸಿವು ಅನ್ನದ್ದಾಗಿತ್ತು. ದಾಸೋಹವು ಅನ್ನದ ರೂಪ ತಾಳಿತು. ಇಂದಿನ ಉನ್ನತ ವಿದ್ಯಾರ್ಥಿಯನ್ನು ತಿನ್ನುತ್ತಿರುವುದು ಬಡ್ಡಿ. ದಾಸೋಹವು ಆ ರೂಪವನ್ನೂ ತಾಳಬೇಕು.

ಹತ್ತು ಲಕ್ಷದ ಸಾಲದ ವಾರ್ಷಿಕ ಬಡ್ಡಿ ಒಂದು ಲಕ್ಷವೆಂದು ಮೇಲೆ ಕಂಡಿದೆ. ಶೇಕಡಾ 6ರ ಪ್ರತಿಫಲ ತರುವ ಸುಮಾರು 17 ಲಕ್ಷದ ಒಂದು ಶಾಶ್ವತ ನಿಧಿಯು ಒಬ್ಬ ಬಡ ನಿವಾಸಿ ವೈದ್ಯನ ಬಡ್ಡಿಯನ್ನು ಪ್ರತಿವರ್ಷವೂ ತೀರಿಸಬಲ್ಲದು. ಅವನು ಮುಗಿಸಿದ ಮೇಲೆ ಇನ್ನೊಬ್ಬನದನ್ನು, ಅವನ ತರುವಾಯ ಮತ್ತೊಬ್ಬನದನ್ನು. ಗ್ರಾಮ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲವು ವರ್ಷ ಸೇವೆ ಮಾಡುವೆನೆಂಬ ಮಾತನ್ನು ಪ್ರತಿಯಾಗಿ ಕೇಳಬಹುದು. ಒಬ್ಬರಿಗೆ ಆಗದುದನ್ನು ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳು ಕೂಡಿ ಮಾಡಬಹುದು. ಶಿಷ್ಯವೇತನ ತಡವಾದ ತಿಂಗಳು ಬಡ್ಡಿಯಿಲ್ಲದ ಕೈಗಡವಾಗಿ ಇಪ್ಪತ್ತು ಸಾವಿರ ಒದಗಿಸುವುದೂ ಕಿರಿಯ ಉಪಕಾರವಲ್ಲ. ಧರ್ಮಸಂಸ್ಥೆಗಳ ಆಶ್ರಯದ ವೈದ್ಯ ಕಾಲೇಜುಗಳಾದರೋ, ನಿಯಮಿಸಿದ ಶಿಷ್ಯವೇತನವನ್ನು ನಿಯಮಿಸಿದ ದಿನ, ಪೂರ್ತಿಯಾಗಿ, ಮರಳಿ ಕೇಳದಂತೆ ಸಲ್ಲಿಸಿ ಉಳಿದವರಿಗೆ ಮೇಲ್ಪಂಕ್ತಿಯಾಗಬೇಕು. ದಾನಕ್ಕಿಂತ ಮೊದಲು ನ್ಯಾಯ.

ಶಿಕ್ಷಕವರ್ಗಕ್ಕೂ ಇಲ್ಲಿ ಒಂದು ಕರ್ತವ್ಯವಿದೆ. ಸರಳ ಬಡ್ಡಿ, ಚಕ್ರಬಡ್ಡಿಗಳ ಲೆಕ್ಕವನ್ನು ಪ್ರೌಢಶಾಲೆಯ ಮಕ್ಕಳು ಪರೀಕ್ಷೆಗಾಗಿ ಬಿಡಿಸಿ ಮರೆಯುತ್ತಾರೆ. ಅದೇ ಲೆಕ್ಕವನ್ನು ಒಂದು ಸಾಲಪತ್ರದ ಮಾದರಿಯನ್ನು ಮುಂದಿಟ್ಟು ಕಲಿಸಿದರೆ, ಹುಡುಗನು ಮನೆಗೆ ಹೋಗಿ ತಂದೆಗೆ ಅದನ್ನು ಓದಿ ಹೇಳಬಲ್ಲನು. ಅಕ್ಷರ ಬಲ್ಲ ಮಗನಿದ್ದೂ ಅರ್ಥವರಿಯದೆ ರುಜು ಹಾಕುವ ತಂದೆ ಇನ್ನು ಮುಂದೆ ಯಾವ ಊರಿನಲ್ಲಿಯೂ ಇರಬಾರದು.

ಋಷಿಋಣವು ಅಧ್ಯಯನದಿಂದ ತೀರುತ್ತದೆಂದು ಹಿಂದಿನವರು ಹೇಳಿದಾಗ, ಅಧ್ಯಯನ ಮಾಡುವವನನ್ನು ಸಾಕುವ ಹೊಣೆ ಸಮಾಜದ್ದೆಂಬುದು ಹೇಳದೆಯೇ ಒಪ್ಪಿದ ಮಾತಾಗಿತ್ತು. ಆ ಹೊಣೆಯನ್ನು ಬ್ಯಾಂಕಿಗೆ ವಹಿಸಿ ಸಮಾಜವು ನಿಶ್ಚಿಂತವಾಗಿ ಇರಲಾರದು. ಈ ವರ್ಷ ಈ ಶಾಲೆಯಿಂದ ಹೊರಡುವ ಮಕ್ಕಳಲ್ಲಿ ಒಬ್ಬರಾದರೂ ಶಸ್ತ್ರವೈದ್ಯರಾಗುವ ಕನಸು ಕಂಡಿರಬಹುದು. ಆ ಮಗು ಮೂವತ್ತನೆಯ ವಯಸ್ಸಿನಲ್ಲಿ ತನ್ನ ತಾಲ್ಲೂಕಿಗೆ ಮರಳುವಷ್ಟು ಹಗುರವಾಗಿರುವಂತೆ ನೋಡಿಕೊಳ್ಳುವುದು ಇಂದು ಕೊಡಬಲ್ಲವರ ಕೈಯಲ್ಲಿದೆ.